ಬೀಳುವ ಸ್ಕೇಲು ಮತ್ತು ಒಂದೇ ಪ್ರಶ್ನೆ

ಕುಡಿದು ವಾಹನ ಓಡಿಸಬೇಡಿರೆಂದು ವಿದ್ಯಾರ್ಥಿಗಳಿಗೆ ಬುದ್ಧಿ ಹೇಳಿದವರು ನಮ್ಮ ಕಾಲೇಜಿನಲ್ಲಿ ಹಲವರು ಆಗಿಹೋಗಿದ್ದಾರೆ. ಆದರೆ ಕುಡಿದವನು ತಾನು ಸರಿಯಾಗಿದ್ದೇನೆಂದು ಅಷ್ಟು ಗಟ್ಟಿಯಾಗಿ ನಂಬುವುದು ಹೇಗೆ ಎಂಬ ಕುತೂಹಲದ ಬೆನ್ನುಹತ್ತಿ ಮೂವತ್ತೊಂದು ವರ್ಷ ನಡೆದವರು, ಈ ತಿಂಗಳು ಭೌತಶಾಸ್ತ್ರ ವಿಭಾಗದಿಂದ ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿಯೊಬ್ಬರೇ. ವಿದ್ಯಾರ್ಥಿಗಳಿಗೆ ಅವರು "ಸ್ಕೇಲು ಮೇಡಂ". ಆ ಹೆಸರು ಅವರಿಗೆ ಒಳಗೊಳಗೇ ಇಷ್ಟವಿತ್ತೆಂದು ನನ್ನ ಗುಮಾನಿ.

ಅವರ ಉಪಕರಣ ಒಂದಡಿಯ ಮರದ ಸ್ಕೇಲು. ಅದನ್ನು ನಮ್ಮ ಬೆರಳುಗಳ ನಡುವೆ ನೆಟ್ಟಗೆ ಹಿಡಿದು, ಸುಳಿವು ಕೊಡದೆ ಬಿಟ್ಟುಬಿಡುತ್ತಿದ್ದರು. ಎಷ್ಟು ಸೆಂಟಿಮೀಟರು ಜಾರಿದ ಮೇಲೆ ಹಿಡಿದೆವು ಎಂಬುದೇ ಕಣ್ಣಿಗೂ ಕೈಗೂ ನಡುವಿನ ವಿಳಂಬದ ಅಳತೆ. ಪ್ರಯೋಗಾಲಯದ ಈ ಪಾಠವನ್ನು ಅವರು ವಿದ್ಯಾರ್ಥಿಗಳ ಔತಣಕೂಟದ ಬಾಗಿಲಿಗೆ ತಂದರು. ಹೊರಡುವಾಗ ಸ್ಕೇಲು ಕೈತಪ್ಪಿದವರ ಬೈಕಿನ ಕೀಲಿ ಬಿಸ್ಕತ್ತಿನ ಡಬ್ಬಿ ಸೇರುತ್ತಿತ್ತು. ಮರುದಿನ ಬೆಳಿಗ್ಗೆ ಕೀಲಿ ಹಿಂದಿರುಗಿಸುವಾಗ ಬೈಗುಳವಿಲ್ಲ, ಒಂದೇ ಪ್ರಶ್ನೆ: "ಸರಿಯಾಗಿದ್ದೀನಿ ಅಂತ ನಿನಗೆ ಹೇಗನ್ನಿಸ್ತು?" ಉತ್ತರಗಳನ್ನೆಲ್ಲ ಅವರು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು.

ನಾನು ಅಂತಿಮ ವರ್ಷದಲ್ಲಿದ್ದಾಗ, ಪಂದ್ಯ ಗೆದ್ದ ಸಂಭ್ರಮದ ಒಂದು ಮಧ್ಯಾಹ್ನದೂಟದಲ್ಲಿ ನನ್ನ ಕೀಲಿಯೂ ಡಬ್ಬಿಗೆ ಬಿತ್ತು. ವಿಧೇಯ ಶಿಷ್ಯನಾದ ನಾನು ಗೆಳೆಯನ ಸೈಕಲ್ಲು ಹತ್ತಿ, ಇಳಿಜಾರಿನಲ್ಲಿ ನಡೆದು ಬರುತ್ತಿದ್ದ ನಮ್ಮ ಗ್ರಂಥಪಾಲಕರಿಗೆ ಗುದ್ದಿದೆ. ಅವರ ಕಾಲು ಮುರಿಯಿತು, ನನ್ನ ಭುಜದ ಮೂಳೆಯೂ ಮುರಿಯಿತು. ಕಾಲೇಜಿನಿಂದ ಹೊರಹಾಕಿಯಾರೆಂಬ ಭಯಕ್ಕೆ, ಬ್ರೇಕು ಕೈಕೊಟ್ಟಿತೆಂದು ಎಲ್ಲರಿಗೂ ಸುಳ್ಳು ಹೇಳಿದೆ.

ಮೇಡಂ ಸೈಕಲ್ಲನ್ನು ತಾವೇ ತುಳಿದು ನೋಡಿ ಆಸ್ಪತ್ರೆಗೆ ಬಂದರು. "ಬ್ರೇಕು ಚೆನ್ನಾಗೇ ಇದೆಯಲ್ಲೋ. ಈಗ ಹೇಳು, ಹತ್ತುವಾಗ ಏನನ್ನಿಸ್ತು?"

"ಬೈಕ್ ಬಿಟ್ಟೆನಲ್ಲ ಮೇಡಂ, ನೀವು ಹೇಳಿದ ಹಾಗೇ ಮಾಡಿದೀನಿ ಅನ್ನಿಸ್ತು."

ಅವರ ಪೆನ್ನು ನಿಂತಿತು. "ನೀನು ಹೋಗೋದನ್ನ ನಾನು ನೋಡ್ದೆ. ಖುಷಿಯಾಗಿ ಕೈ ಬೀಸ್ದೆ ಬೇರೆ," ಎಂದರು.

ನಾನು ಶಿಸ್ತುಸಮಿತಿಯ ಮುಂದೆ ನಿಜ ಒಪ್ಪಿಕೊಂಡೆ. ನನ್ನ ಬೆನ್ನಿಗೇ ಎದ್ದು ನಿಂತ ಮೇಡಂ, ಬೈಕನ್ನೇ ನೋಡಿ ಸೈಕಲ್ಲನ್ನು ಮರೆತ ತಪ್ಪು ತಮ್ಮದೆಂದು ಬರೆಸಿದರು. ಅವರಿಗೆ ಹಾಗೆ ಮಾಡುವ ಅಗತ್ಯವೇನೂ ಇರಲಿಲ್ಲ. ಸಮಿತಿ ನನ್ನನ್ನು ಹೊರಹಾಕಲಿಲ್ಲ. ಗ್ರಂಥಪಾಲಕರ ಕಾಲು ಕೂಡುವವರೆಗೆ ಪುಸ್ತಕ ಜೋಡಿಸುವ ಕೆಲಸಕ್ಕೆ ಹಚ್ಚಿತು. ಅಂದಿನಿಂದ ಡಬ್ಬಿಯಲ್ಲಿ ಸೈಕಲ್ಲಿನ ಕೀಲಿಗಳಿಗೂ ಜಾಗವಾಯಿತು. ನಾನು ಇಂದು ಅದೇ ವಿಭಾಗದಲ್ಲಿ ಪಾಠ ಹೇಳುತ್ತಿರುವುದು ಆ ದಿನದ ಋಣ.

ಕಳೆದ ವಾರ ವಿಭಾಗದ ಬೀಳ್ಕೊಡುಗೆ ನಡೆಯಿತು. ಪ್ರಯೋಗಾಲಯದ ಸಾಮಾನು ಒಪ್ಪಿಸುವ ಗಡಿಬಿಡಿಯಲ್ಲಿ ಮೇಡಂ ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಸ್ಕೇಲು, ಡಬ್ಬಿಗಳನ್ನು ನನ್ನ ವಶಕ್ಕೆ ಕೊಟ್ಟು, ಕಾರಿನ ಕೀಲಿ ತೆಗೆದರು. ನಾನು ಸ್ಕೇಲು ಎತ್ತಿ ಹಿಡಿದೆ.

"ಏಯ್, ನಾನೇನು ಕುಡಿದಿದೀನೇನೋ? ಸರಿಯಾಗೇ ಇದೀನಿ," ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಮರುಕ್ಷಣ ಅವರೇ ಬೆರಳು ಚಾಚಿದರು. ಸ್ಕೇಲು ನೆಲಕ್ಕೆ ಬಿತ್ತು.

ಅದನ್ನು ಎತ್ತಿ ನನ್ನ ಕೈಗಿತ್ತು, ಅವರು ಕೀಲಿಯನ್ನು ಡಬ್ಬಿಗೆ ಹಾಕಿದರು. ನಾವಿಬ್ಬರೂ ಅವರ ಮನೆಯವರೆಗೆ ನಡೆದೇ ಹೋದೆವು.

ಇಂಥ ಗುರುಗಳ ಆಯುಸ್ಸು, ಆರೋಗ್ಯ, ಕುತೂಹಲ ಮೂರೂ ಬಹುಕಾಲ ಉಳಿಯಲೆಂದು ಮನಸಾರೆ ಹಾರೈಸುತ್ತೇನೆ. ಅವರು ಬಿಡುವು ಕೇಳಿದರೂ ನಾವು ಕೊಡುವವರಲ್ಲ, ಏಕೆಂದರೆ ಆ ನೋಟುಬುಕ್ಕಿನಲ್ಲಿ ಇನ್ನೂ ಖಾಲಿ ಹಾಳೆಗಳಿವೆ. ಬೀಳ್ಕೊಡುಗೆಯ ಮರುದಿನ ಬೆಳಿಗ್ಗೆ ಕೀಲಿ ಕೊಡಲು ಹೋದಾಗ, ನಾನು ಬಾಯಿ ತೆರೆಯುವ ಮೊದಲೇ ಅವರು ನೋಟುಬುಕ್ಕನ್ನು ನನ್ನ ಮುಂದೆ ತೆರೆದಿಟ್ಟರು. ಅವರದೇ ಕೈಬರಹದಲ್ಲಿ ಅವರದೇ ಉತ್ತರವಿತ್ತು: "ಪ್ರಶ್ನೆ ಕೇಳೋಳೇ ನಾನಲ್ವಾ, ಅಂದ್ಕೊಂಡೆ."