ಹುಳದವ್ವನ ಮೊಮ್ಮಗಳ ಬೆಳಗಿನೂಟ

ಕಾಮಗೆರೆಯ ಆಸುಪಾಸಿನಲ್ಲಿ ಚಿಕ್ಕನಿಂಗಮ್ಮನ ಮನೆ ಯಾವುದು ಅಂತ ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಹುಳದವ್ವ ಅಂದರೆ ಸಾಕು, ಬಾಗಿಲಿಗೇ ತಂದು ನಿಲ್ಲಿಸುತ್ತಾರೆ. ಮದುವೆಯಾಗಿ ಬಂದ ವರ್ಷ ಅತ್ತೆಯ ಕೈಯಿಂದ ರೇಷ್ಮೆ ಹುಳದ ತಟ್ಟೆ ಇಸಿದುಕೊಂಡ ಹೆಂಗಸು, ಮೂವತ್ತೆಂಟು ವರ್ಷವಾಯಿತು, ಇನ್ನೂ ಕೆಳಗಿಟ್ಟಿಲ್ಲ. ಹುಳದ ಮನೆಯ ಹೊಸಿಲಲ್ಲಿ ನಿಂತು, ಸೊಪ್ಪು ಮೇಯುವ ಸದ್ದು ಕೇಳಿಯೇ ಹೇಳುತ್ತಾಳೆ: “ಆ ಮೂಲೇಲಿ ಸೊಪ್ಪು ಸಾಲದು ಕಣ್ಲಾ, ಆಕು.” ಹೋಗಿ ನೋಡಿದರೆ ಹಾಗೇ ಇರುತ್ತದೆ.

ಇಂಥವಳು ಸೋತದ್ದು ಸ್ವಂತ ಮೊಮ್ಮಗಳ ಮುಂದೆ.

ಮಹದೇವಿಗೆ ಎಂಟು ವರ್ಷ, ಮೂರನೇ ಕ್ಲಾಸು. ಪೆನ್ಸಿಲ್ ತರುತ್ತೇನೆಂದು ಒಳಗೆ ಹೋದವಳು ಬೆಕ್ಕಿನ ಹಿಂದೆ ಹಿತ್ತಿಲಿಗೆ, ಹಿತ್ತಿಲಿಂದ ಪಕ್ಕದ ಮನೆಯ ಕರುವಿನ ಹತ್ತಿರಕ್ಕೆ ಹೋಗಿ, ಯಾತಕ್ಕೆ ಎದ್ದೆ ಅನ್ನುವುದನ್ನೇ ಮರೆತು ನಿಂತಿರುತ್ತಿದ್ದಳು. ಶಾಲೆಯ ಕುಮಾರಸ್ವಾಮಿ ಮೇಷ್ಟ್ರು ಹೇಳಿ ಹೇಳಿ ಸಾಕಾಗಿದ್ದರು. “ಬುದ್ಧಿ ಚುರುಕಾಗದೆ ಕಣಮ್ಮ. ಆದ್ರೆ ಒಂದು ಸಾಲು ಓದೋ ಅಷ್ಟೊತ್ಗೆ ಮನ್ಸು ಆರೂರು ಸುತ್ತಕೆ ಓಯ್ತದೆ. ಕೂತ ಜಾಗದಿಂದ ಇಪ್ಪತ್ತು ಸಲ ಏಳ್ತಾಳೆ.”

ಸೊಸೆ ಆಶಾರಾಣಿ ಕೊಳ್ಳೇಗಾಲದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎಂಟು ಗಂಟೆಯ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಒಂದು ಸಂಜೆ ಬಂದವಳೇ, ಮಗಳನ್ನು ಬರುವ ವರ್ಷ ಹಾಸ್ಟೆಲ್ ಇರುವ ಶಾಲೆಗೆ ಹಾಕುತ್ತೇನೆ ಅಂದಳು.

“ಅಲ್ಲಿ ಶಿಸ್ತಲ್ಲಿ ಇಡ್ತಾರಂತೆ ಅತ್ತೆ. ನಿಮ್ಮ ಮುದ್ದಲ್ಲಿ ಕೂಸು ಕೆಟ್ಟೋಯ್ತು.”

ಆ ಕೂಸಿಲ್ಲದ ಮನೆಯನ್ನು ನೆನೆಸಿಕೊಳ್ಳುವುದಕ್ಕೂ ಚಿಕ್ಕನಿಂಗಮ್ಮನಿಗೆ ಆಗಲಿಲ್ಲ.

“ಎರಡು ಬೆಳೆ ಏಳಗಂಟ ಟೈಮ್ ಕೊಡವ್ವ,” ಅಂದಳು. “ಆಮೇಲೂ ಇಂಗೇ ಇದ್ರೆ ನಾನೇ ಪೆಟ್ಗೆ ಒತ್ಕಂಡ್ ಬತ್ತೀನಿ.”

ಎರಡು ಬೆಳೆ, ಅಂದರೆ ಎರಡು ಸಲ ಹುಳ ಸಾಕಿ ಗೂಡು ಬಿಡಿಸುವಷ್ಟು ಕಾಲ, ಎರಡೂವರೆ ತಿಂಗಳು. ಸೊಸೆ ಒಪ್ಪಿದಳು.

ಆ ವಾರವೇ ಚಿಕ್ಕನಿಂಗಮ್ಮ ಮೊಮ್ಮಗಳನ್ನು ಕಾಮಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಕೂಸನ್ನು ಮಾತಾಡಿಸಿ, ಆಡಿಸಿ, ರಕ್ತ ಪರೀಕ್ಷೆ ಮಾಡಿಸಿದಳು.

“ಇದು ಮುದ್ದಿಂದ ಬಂದಿದ್ದಲ್ಲ ಅಜ್ಜಿ, ಹಟಾನೂ ಅಲ್ಲ. ಕೆಲವು ಮಕ್ಕಳಿಗೆ ಗಮನ ಒಂದು ಕಡೆ ನಿಲ್ಲಿಸೋದೇ ಕಷ್ಟ. ಊಟ ಒಂದರಿಂದಲೇ ವಾಸಿ ಆಗೋದಲ್ಲ. ಆದರೆ ರಕ್ತ ಕಡಿಮೆ ಇದೆ. ಹೊಟ್ಟೆ ಖಾಲಿ ಇದ್ದರೆ ಇರೋ ಗಮನಾನೂ ಓಡಿಹೋಗುತ್ತೆ. ಬೆಳಿಗ್ಗೆ ಏನು ತಿಂತಾಳೆ?”

“ಟೀ, ಬನ್ನು. ಆಮೇಲೆ ದಾರೀಲಿ ಒಂದು ಕುರುಕಲು ಪಾಕೀಟು.”

“ರೊಟ್ಟಿ, ಗಂಜಿ ಏನೂ ಇಲ್ವಾ?”

“ಬ್ಯಾಡ ಅಂತದೆ ಡಾಕ್ಟ್ರವ್ವ. ಬ್ಯಾಡ ಅಂದ್ಮೇಲೆ ನಾನು ಬಲವಂತ ಮಾಡನಿಲ್ಲ. ಜ್ವರಕ್ಕೆ ಕೂತಿರ ಹುಳಕ್ಕೆ ಯಾರಾದ್ರೂ ಸೊಪ್ಪು ಆಕ್ತಾರಾ?”

ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಚಿಕ್ಕನಿಂಗಮ್ಮ ಬಿಡಿಸಿ ಹೇಳಿದಳು: ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು, ಏನನ್ನೂ ಮುಟ್ಟದೆ ಕೂರುತ್ತದೆ. ಅದೇ ಜ್ವರ. ಆಗ ಸೊಪ್ಪು ಹಾಕಿದರೆ ಬೆಳೆ ಕೆಟ್ಟಿತು ಅಂತಲೇ ಲೆಕ್ಕ. ಕಾದರೆ, ಪೊರೆ ಕಳಚಿ ತಾನೇ ಮೇಯುತ್ತದೆ.

ಡಾಕ್ಟರಮ್ಮ ನಗಲಿಲ್ಲ. “ಹಾಗೆ ಎಷ್ಟು ದಿನ ಕೂರುತ್ತೆ ಅಜ್ಜಿ?”

“ಒಂದಿನ. ಚಳಿ ಇದ್ರೆ ಒಂದೂವರೆ ದಿನ.”

“ಇವಳು ಬೆಳಗಿನೂಟ ಬಿಟ್ಟು ಎಷ್ಟು ದಿನ ಆಯ್ತು?”

ಚಿಕ್ಕನಿಂಗಮ್ಮ ಬೆರಳು ಮಡಿಸಿ ಎಣಿಸಿದಳು. ಎರಡು ವರ್ಷವಾಗಿತ್ತು.

ಕಬ್ಬಿಣಾಂಶದ ಟಾನಿಕ್ಕು, ಟೀ ಬಂದ್, ಶಾಲೆಗೆ ಹೊರಡುವ ಮುಂಚೆ ಹೊತ್ತಿಗೆ ಸರಿಯಾಗಿ ಕಾಳೋ ಮೊಟ್ಟೆಯೋ ಸೇರಿದ ಊಟ. ಮೇಷ್ಟ್ರಿಗೆ ಒಂದು ಚೀಟಿ: ಮುಂದಿನ ಸಾಲಲ್ಲಿ ಕೂರಿಸಿ, ಚಿಕ್ಕ ಚಿಕ್ಕ ಪಾಠ ಕೊಡಿ, ನಡುವೆ ಎದ್ದು ಓಡಾಡಲು ಬಿಡಿ. ಇಷ್ಟು ಹೇಳಿ, ಡಾಕ್ಟರಮ್ಮ ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದಳು.

ಹುಳದವ್ವನ ಮನೆಯಲ್ಲಿ ಮುಂಜಾನೆ ಮೊದಲ ಮೇವು ಹುಳಕ್ಕೆ, ಆಮೇಲೆ ಮನುಷ್ಯರಿಗೆ. ಹುಳದ ಕೆಲಸ ಮುಗಿದು ಒಲೆಯ ಮೇಲೆ ರೊಟ್ಟಿ ಬೇಯುವ ಹೊತ್ತಿಗೆ ಕೂಸು ಶಾಲೆಯಲ್ಲಿರುತ್ತಿತ್ತು. ಚಿಕ್ಕನಿಂಗಮ್ಮ ಮಾರನೆಯ ದಿನ ಎದ್ದವಳೇ ಮೊದಲು ಒಲೆ ಹಚ್ಚಿದಳು. ಗಂಡ ಪುಟ್ಟಮಾದಪ್ಪ ಸೊಪ್ಪಿನ ಹೊರೆ ಹೊತ್ತು ಬಂದವನು ನಿಂತೇಬಿಟ್ಟ.

“ಏನಮ್ಮೀ, ಹುಳ ಕಾಯ್ತಾ ಕೂತವೆ, ನೀನು ರೊಟ್ಟಿ ತಟ್ತಾ ಕೂತಿದ್ದೀಯೆ?”

“ಈ ಹುಳ ಎರಡು ವರ್ಷದಿಂದ ಕಾದದೆ. ಅವಕ್ಕೆ ನೀನು ಆಕೋಗು.”

ಮೊದಲ ನಾಲ್ಕು ದಿನ ಮಹದೇವಿ ರೊಟ್ಟಿ ನೂಕಿ ಟೀಗೆ ಅತ್ತಳು. ಐದನೆಯ ದಿನ ಚಿಕ್ಕನಿಂಗಮ್ಮ, ಮರಿಹುಳಕ್ಕೆ ಸೊಪ್ಪು ಹೆಚ್ಚುವ ಹಾಗೆ ನುಗ್ಗೆಸೊಪ್ಪಿನ ರಾಗಿರೊಟ್ಟಿಯನ್ನು ಬೆರಳಗಲಕ್ಕೆ ಕತ್ತರಿಸಿ, ಹುಚ್ಚೆಳ್ಳು ಚಟ್ನಿ ಸವರಿ, ಒಂದೊಂದೇ ತುಂಡು ಮುಂದಿಟ್ಟಳು.

“ಅಜ್ಜೀ, ನಾನೇನು ಹುಳವಾ?”

“ಊಂ ಕಣವ್ವ. ತಿನ್ನು, ಗೂಡು ಕಟ್ಟೀಯಂತೆ.”

ಕೂಸು ನಕ್ಕಿತು. ನಗುತ್ತಾ ಮೂರು ತುಂಡು ತಿಂದಿತು. ಮರುದಿನ ಐದು. ಒಂದು ದಿನ ಬೇಯಿಸಿದ ಮೊಟ್ಟೆ, ಒಂದು ದಿನ ನಿಂಬೆಹಣ್ಣು ಹಿಂಡಿದ ಹುರುಳಿ ಉಸಲಿ.

ಮೊದಲ ಬೆಳೆ ಎದ್ದಿತು. ಮೇಷ್ಟ್ರು ತಲೆ ಆಡಿಸಿದರು. “ಅಂಗೇ ಅದೆ.” ಆಶಾರಾಣಿ ಒಂದೇ ಮಾತು ಅಂದಳು: “ಒಂದ್ ಬೆಳೆ ಆಯ್ತು ಅತ್ತೆ.” ಚಿಕ್ಕನಿಂಗಮ್ಮ ಅಂದು ಉಣ್ಣಲಿಲ್ಲ. ಆದರೆ ಎರಡನೇ ಬೆಳೆಯ ನಡುವೆ ಒಂದು ಬೆಳಿಗ್ಗೆ, ಹೊಗೆ ಆಡುತ್ತಿದ್ದ ಒಲೆಯ ಮುಂದೆ ಮೊಮ್ಮಗಳೇ ಬಂದು ಕುಕ್ಕರುಗಾಲಲ್ಲಿ ಕೂತು, “ಅಸಿವು ಕಣಜ್ಜಿ, ಬಿರ್ರನೆ ಕೊಡು,” ಅಂದಾಗ, ಮುದುಕಿ ಒಲೆಗೆ ಇನ್ನೆರಡು ಸೌದೆ ಒಟ್ಟಿದಳು. ಜ್ವರ ಬಿಟ್ಟೆದ್ದ ಹುಳ ಸೊಪ್ಪಿಗೆ ಬಾಯಿ ಹಾಕುವುದನ್ನು ಸಾವಿರ ಸಲ ನೋಡಿದ್ದ ಕಣ್ಣು, ಇದನ್ನು ಮಾತ್ರ ರೆಪ್ಪೆ ಮಿಟುಕಿಸದೆ ನೋಡಿತು.

ಎರಡನೇ ಬೆಳೆಯ ಗೂಡು ಮಾರ್ಕೆಟ್ಟಿಗೆ ಹೋದ ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಶಾಲೆಗೆ ಹೋದರು. ಮೇಷ್ಟ್ರು ಕಿಟಕಿಯ ಮರೆಯಲ್ಲಿ ನಿಲ್ಲಿ ಎಂದು ಸನ್ನೆ ಮಾಡಿದರು.

ಮಹದೇವಿ ಪುಸ್ತಕ ಹಿಡಿದು ಓದುತ್ತಿದ್ದಳು. ಎರಡು ಸಾಲು, ಮೂರು ಸಾಲು. ಅಷ್ಟರಲ್ಲಿ ರಸ್ತೆಯಲ್ಲಿ ಮೇಕೆಯ ಹಿಂಡು ಅರಚುತ್ತಾ ಬಂತು. ಕ್ಲಾಸಿನ ಐಕಳೆಲ್ಲ ಅತ್ತ ತಿರುಗಿದರು. ಮಹದೇವಿ ಎದ್ದೇ ನಿಂತಳು, ಒಂದು ಕಾಲು ಬಾಗಿಲ ಕಡೆಗೆ ಇಟ್ಟಳು.

“ಓಯ್ತು,” ಅಂದಳು ಆಶಾರಾಣಿ, ಮೆಲ್ಲಗೆ.

ಕೂಸು ಮೇಕೆಗಳನ್ನು ನೋಡಿತು. ಆಮೇಲೆ, ಯಾರೂ ಕರೆಯದೆ, ಯಾರೂ ಗದರದೆ, ತಿರುಗಿ ಕೂತುಕೊಂಡು, ಬಿಟ್ಟ ಸಾಲನ್ನು ಬೆರಳಲ್ಲಿ ಹುಡುಕಿತು. ಸಿಕ್ಕಿತು. ಮುಂದಕ್ಕೆ ಓದಿತು. ಮೇಕೆಗಳು ಇನ್ನೂ ಅರಚುತ್ತಲೇ ಇದ್ದವು.

ಹೋದ ಮನಸ್ಸು ತಾನಾಗಿಯೇ ಮನೆಗೆ ಬಂದದ್ದನ್ನು ಹೀಗೆ ಕಣ್ಣಾರೆ ಕಾಣಬಹುದು ಅಂತ ಚಿಕ್ಕನಿಂಗಮ್ಮನಿಗೆ ಗೊತ್ತಿರಲಿಲ್ಲ. ಅವಳ ಎರಡೂ ಕೈ ತಮ್ಮಷ್ಟಕ್ಕೇ ಕಿಟಕಿಯ ಸರಳಿನ ಮುಂದೆ ಮುಗಿದುಕೊಂಡವು.

“ಈಗಲೂ ಎಂಟತ್ತು ಸಲ ಏಳ್ತಾಳೆ,” ಅಂದರು ಮೇಷ್ಟ್ರು, ಹೊರಗೆ ಬಂದು. “ಆದ್ರೆ ವಾಪಸ್ ಬತ್ತಾಳೆ.”

ಆಶಾರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಲ್ಲೇ ಇರ್ಲಿ ಅತ್ತೆ, ಹಾಸ್ಟೆಲ್ಲು ಬ್ಯಾಡ,” ಅಂದಳು. “ನಾಳಿಕೆ ರೊಟ್ಟಿ ನಾನು ತಟ್ತೀನಿ. ಎಷ್ಟೊತ್ಗೆ ಎದ್ದೇಳ್ಬೇಕು, ಅದೇಳಿ.”