ಕ್ಯೋಟೊದ ಜಗಲಿಯಲ್ಲಿ ಅಮ್ಮ

ಶುಕ್ರವಾರ ಬೆಳಿಗ್ಗೆ ಹತ್ತು ಐವತ್ತಕ್ಕೆ ಹೆಂಡತಿಯ ಕರೆ ಬಂದಾಗ ನಾನು ಇಲ್ಲಿ ಗಲ್ಫಿನಲ್ಲಿ, ಅಲ್ ಅಜೈಬಾದ ನಮ್ಮ ಫ್ಲಾಟಿನಲ್ಲಿ ಗಂಜಿಗೆ ಅಕ್ಕಿ ತೊಳೆಯುತ್ತಿದ್ದೆ. ಜಪಾನಿನ ಹಳೆಯ ದೇವಸ್ಥಾನಗಳನ್ನು ಮೇಪಲ್ ಎಲೆ ಕೆಂಪಾಗುವ ಶರತ್ಕಾಲದಲ್ಲಿ ನೋಡಬೇಕೆಂಬುದು ಅವಳ ಬಹುದಿನದ ಆಸೆ. ಪತ್ರಿಕೆಯ ವರದಿಗಾರನಾದ ನನಗೆ ರಜೆ ಸಿಗಲಿಲ್ಲ. ನನ್ನ ಬದಲು ಅಮ್ಮ ಅವಳ ಜೊತೆ ಹೋಗಿದ್ದಳು.

"ರೀ, ಅತ್ತೆ ಕಾಣಿಸ್ತಿಲ್ಲ."

ಒಂದು ವರ್ಷದಿಂದ ಅಮ್ಮನಿಗೆ ಮರೆವು. ಹಿಂದಿನ ತಿಂಗಳು ನಮ್ಮ ಲಿಫ್ಟಿನಲ್ಲೇ ಯಾವ ಮಹಡಿ ಎಂದು ತಿಳಿಯದೆ ನಿಂತಿದ್ದಳು. ನಾವಿಬ್ಬರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಅವಳಿಗೆ ತುಳು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಅವಳ ಫೋನು ಹೋಟೆಲಿನಲ್ಲಿತ್ತು.

"ಕೊನೆಗೆ ನೋಡಿದ್ದು ಎಲ್ಲಿ? ಎಷ್ಟು ಹೊತ್ತಾಯ್ತು?"

"ಒಳಗೆ, ದೇವರ ಮುಂದೆ. ಬಾಣದ ಗುರುತು ನೋಡ್ಕೊಂಡು ನಾನು ತೋಟಕ್ಕೆ ಇಳಿದೆ. ಹಿಂದೇನೇ ಬರ್ತಿದ್ದಾರೆ ಅಂದ್ಕೊಂಡೆ. ಅರ್ಧ ಗಂಟೆ ಆಯ್ತು."

"ಯಾವ ಬಣ್ಣದ ಸೀರೆ?"

"ನ್ಯೂಸ್ ಬರೀತಿದ್ದೀರಾ? ನಾಲ್ಕೂವರೆಗೆ ಬಾಗಿಲು ಹಾಕ್ತಾರೆ."

ಅಲ್ಲಿ ಆಗ ಮೂರು ಐವತ್ತು. ದೇವಸ್ಥಾನದವರು ತೋಟದಲ್ಲೂ ಬಸ್ ಸ್ಟಾಪಿನಲ್ಲೂ ಹುಡುಕುತ್ತಿದ್ದರು. ಫೋನಿನಲ್ಲಿ ನನಗೆ ಕೇಳುತ್ತಿದ್ದುದು ಜಲ್ಲಿಯ ಮೇಲೆ ಅವಳ ಹೆಜ್ಜೆ, ಏದುಸಿರು. ಕೆಳಗೆ ಬೀದಿಯಲ್ಲಿ ಜುಮ್ಮಾ ನಮಾಜಿಗೆ ಅಂಗಡಿಗಳ ಶಟರ್ ಒಂದೊಂದಾಗಿ ಇಳಿಯುತ್ತಿತ್ತು.

ಹಿಂದಿನ ದಿನ ಅಮ್ಮ ವಿಡಿಯೊ ಕರೆಯಲ್ಲಿ ಗೊಣಗಿದ್ದು ನೆನಪಾಯಿತು. ಅಲ್ಲಿಯ ದೇವಸ್ಥಾನಗಳಲ್ಲಿ ಶೂ ಕಳಚಿ ಚೀಲದಲ್ಲಿ ಹಾಕಿ ಜೊತೆಗೇ ಒಯ್ಯಬೇಕು. ಹೊರಬೀಳುವ ಬಾಗಿಲು ಬೇರೆ. "ಚಪ್ಪಲಿ ಹಿಡ್ಕೊಂಡು ದೇವರೆದುರು ನಿಲ್ಲುದು ಯಾವ ಊರಿನ ಕ್ರಮ ಮಾರಾಯ?" ಎಂದಿದ್ದಳು. ನಾನು ನಕ್ಕಿದ್ದೆ.

"ಮೊದಲ ಬಾಗಿಲ ಹತ್ತಿರ ಅಮ್ಮನ ಶೂ ಇದೆಯಾ ನೋಡು."

ಇತ್ತು. ಮೆಟ್ಟಿಲ ಪಕ್ಕ ಜೋಡಿಸಿಟ್ಟಿದ್ದಳು.

"ಬರಿಗಾಲಲ್ಲೇ ರಸ್ತೆಗೆ ಹೋಗಿದ್ರೆ?" ಹೆಂಡತಿಯ ದನಿ ಒಡೆಯಿತು.

ನಾನೂ ಅದನ್ನೇ ಯೋಚಿಸುತ್ತಿದ್ದೆ. ಆದರೆ ಪ್ರದಕ್ಷಿಣೆ ಬಾರದೆ ಅಮ್ಮ ಯಾವ ದೇವಸ್ಥಾನದಿಂದಲೂ ಹೊರಟವಳಲ್ಲ.

"ದೇವರೆದುರು ನಿಂತರೆ ಬಾಣ ಯಾವ ಕಡೆಗೆ?"

"ಬಲಕ್ಕೆ."

"ನೀನು ಎಡಕ್ಕೆ ಹೋಗು, ಪ್ರದಕ್ಷಿಣೆ ಬರುವ ಹಾಗೆ. ಜಗಲಿ ಪೂರ್ತಿ ಸುತ್ತು."

ಹನ್ನೊಂದು ಹದಿನಾಲ್ಕಕ್ಕೆ "ಅತ್ತೆ" ಎಂದು ಅವಳು ಕರೆದದ್ದು ಕೇಳಿಸಿತು. ಗರ್ಭಗುಡಿಯ ಹಿಂದೆ, ಯಾರೂ ಬಾರದ ಜಗಲಿಯಲ್ಲಿ ಅಮ್ಮ ಗೋಡೆ ಹಿಡಿದು ನಡೆಯುತ್ತಿದ್ದಳಂತೆ. ಅವಳ ಕೈಗೆ ಫೋನು ಕೊಡಿಸಿದೆ.

"ಎಷ್ಟು ಸುತ್ತು ಬಂದೆ ಅಮ್ಮ?"

"ಮೂರು ಬರುವಾ ಅಂತ ಹೊರಟದ್ದು ಮಗಾ. ಎಷ್ಟಾಯ್ತು ಅಂತ ಮರ್ತುಹೋಯ್ತು. ಪುನಃ ಒಂದರಿಂದ ಸುರು ಮಾಡಿದೆ. ಪುನಃ ಮರ್ತುಹೋಯ್ತು. ನಿಲ್ಲಿಸ್ಲಿಕ್ಕೆ ಹೆದ್ರಿಕೆ ಆಯ್ತು."

ಖಚಿತವಿಲ್ಲದ ಸಂಖ್ಯೆಯನ್ನು ನಾನು ವರದಿಯಲ್ಲಿ ಎಂದೂ ಬರೆದವನಲ್ಲ.

"ಮೂರಾಯ್ತು ಅಮ್ಮ. ಇನ್ನು ಶೂ ಹಾಕ್ಕೋ."

"ಹೌದಾ? ನೀನು ಅಲ್ಲೇ ನಿಂತು ನೋಡಿದ್ದಾ?"

ನೋಡಿದೆ ಎಂದೆ. ಅವಳು ನಂಬಿದಳು. ಫೋನಿಟ್ಟು, ಅರ್ಧ ತೊಳೆದಿದ್ದ ಅಕ್ಕಿಗೆ ಪುನಃ ನೀರು ಹಾಕಿದೆ.