ಬಲಗಡೆಯ ಚಕ್ರ

ಹತ್ತು ದಿನಗಳ ಹಿಂದೆ ಕಲ್ಲೂರಿನ ಚಹಾದಂಗಡಿಯೊಂದರ ಮುಂದೆ ನಿಂತು ಚಹಾ ಕುಡಿಯುತ್ತಿದ್ದೆ. ಮುತ್ತಂಗದ ಕಡೆಯಿಂದ ದೊಡ್ಡ ಗಾಡಿಯೊಂದು ಬಂದು ರಸ್ತೆಯ ಅಂಚಿಗೆ ನಿಂತಿತು. ಏಳು ಜನ ಕೂರುವ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ ಸಿಗುವ, ಬಾನೆಟ್ಟೇ ನನ್ನ ಎದೆಯ ಮಟ್ಟಕ್ಕೆ ಬರುವ ಜಾತಿಯದು. ಅದರ ಹಿಂದೆ ಎರಡು ಚಕ್ರದ ಟ್ರೈಲರ್, ಟ್ರೈಲರಿನ ಮೇಲೆ ಟಾರ್ಪಾಲು ಹೊದಿಸಿದ ದೋಣಿ. ಧೂಳು ಅಡಗುವಷ್ಟರಲ್ಲಿ ಒಂದು ವಾಸನೆ ಬಂತು. ಕಾದ ಗ್ರೀಸಿನ ವಾಸನೆ. ನಿಮಗೆ ಗೊತ್ತಿರಲಾರದು, ಹಳೆಯ ಎಣ್ಣೆಯನ್ನು ಒಲೆಯ ಮೇಲಿಟ್ಟು ಮರೆತರೆ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗಿರುತ್ತದೆ. ಗ್ಲಾಸನ್ನು ಯಾರದೋ ಸ್ಕೂಟರಿನ ಸೀಟಿನ ಮೇಲಿಟ್ಟು ಹೋಗಿ, ಗುರುತು ಪರಿಚಯವಿಲ್ಲದವರ ಟ್ರೈಲರಿನ ಚಕ್ರದ ನಡುವಿಗೆ ಕೈಯ ಹಿಂಭಾಗ ತಾಗಿಸಿದೆ. ಚುರ್ ಎಂದಿತು.

ಗಾಡಿಯವರು ಕೋಳಿಕ್ಕೋಡಿನವರು, ನನ್ನ ವಯಸ್ಸಿನವರೇ. "ಎಂದಾ ಚೇಟ್ಟಾ, ಎಂದು ಪಟ್ಟಿ?" ಎಂದು ಇಳಿದು ಬಂದರು. ಏನಾಯಿತು ಎಂದು ಅವರು ಕೇಳಿದ್ದೇ ನೆಪವಾಗಿ ನಾನು ಪಾಠ ಶುರು ಮಾಡಿದೆ. ದೋಣಿ ಇಳಿಸುವಾಗ ಟ್ರೈಲರಿನ ಚಕ್ರವೂ ನೀರಿಗೆ ಇಳಿಯುತ್ತದೆ. ಒಳಗಿನ ಬೇರಿಂಗಿಗೆ ನೀರು ನುಗ್ಗಿದರೆ ಗ್ರೀಸು ಕೆಡುತ್ತದೆ. ಬಿಚ್ಚಿ, ತೊಳೆದು, ಹೊಸದು ತುಂಬದಿದ್ದರೆ ಚಕ್ರವೇ ಕಳಚಿಹೋಗಬಹುದು. ಅವರು ನಂಬದ ಮುಖ ಮಾಡಿದ್ದಕ್ಕೆ, "ಹನ್ನೊಂದು ವರ್ಷದ ಹಿಂದೆ ನಮ್ಮದೇ ಕಳಚಿಹೋಗಿತ್ತು" ಎಂದೆ.

"ಆಗ ಓಡಿಸುತ್ತಿದ್ದದ್ದು ಯಾರು?"

"ನಮ್ಮ ಅಕ್ಕ."

"ಓ, ಹೆಂಗಸರಾ!" ಎಂದು ಅವರು ನಕ್ಕರು. ನಾನೂ ನಕ್ಕೆ.

ದೋಣಿ ಎದುರಿನ ವರ್ಕ್‌ಶಾಪಿಗೆ ಹೋಯಿತು, ಚಕ್ರ ಬಿಚ್ಚಿಸಿಕೊಂಡಿತು, ಬದುಕಿಕೊಂಡಿತು. ನಾನು ಮಾತ್ರ ಆ ನಗುವನ್ನು ಕಟ್ಟಿಕೊಂಡು ಮನೆಗೆ ಬಂದೆ. ಮೆಣಸಿನ ಬಳ್ಳಿ ಕಟ್ಟಲು ಹೋಗಿ ಅರ್ಧಕ್ಕೆ ಬಿಟ್ಟೆ. ಪೇಪರು ಬಿಡಿಸಿದರೆ ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದೆ. ಅಂಗಳದಲ್ಲಿ ನಾನು ಶತಪಥ ಹಾಕುವುದನ್ನು ನೋಡಿ ನೋಡಿ ಹೆಂಡತಿ, "ಹೊಟ್ಟೆ ಸರಿ ಇಲ್ವಾ?" ಎಂದು ಓಮದ ಕಷಾಯ ಮಾಡಿಕೊಟ್ಟಳು. ಕುಡಿದೆ. ಹೊಟ್ಟೆ ಸರಿಯಾಗಿಯೇ ಇತ್ತು.

ಆ ಅಕ್ಕ, ನಮ್ಮ ಪದ್ಮಕ್ಕ, ನನ್ನ ದೊಡ್ಡಪ್ಪನ ಮಗಳು. ನಮ್ಮ ಹಿರಿಯರು ಯಾವ ಕಾಲದಲ್ಲೋ ಕಬಿನಿಯ ಆಚೆಯಿಂದ ಬಂದು ಇಲ್ಲಿ ಕಾಫಿ, ಮೆಣಸು, ಭತ್ತ ಎಂದು ನೆಲೆನಿಂತ ಜೈನರು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಪದ್ಮಕ್ಕ ಎರಡರಲ್ಲೂ ಒಂದೇ ಗಟ್ಟಿ ದನಿಯಲ್ಲಿ ಮಾತಾಡುವವಳು. ಭಾವನಿಗೆ ಸ್ಟೀರಿಂಗ್ ಎಂದರೆ ಕೈ ಬೆವರುತ್ತಿತ್ತು. ಅವರು ತೋಟ ನೋಡಿಕೊಂಡರೆ ಗಾಡಿಯ ಕೆಲಸವೆಲ್ಲ ಇವಳದು. ಹಳೆಯದೊಂದು ದೊಡ್ಡ ಡೀಸೆಲ್ ಗಾಡಿ ಕೊಂಡು, ಹಿಂದೆ ಟ್ರೈಲರ್ ಕಟ್ಟಿ, ಅದರ ಮೇಲೆ ಭತ್ತ ಒಕ್ಕುವ ಯಂತ್ರ ಏರಿಸಿಕೊಂಡು ಸುಗ್ಗಿಯ ಎರಡು ತಿಂಗಳು ಕೊಳವಳ್ಳಿಯಿಂದ ಪಯ್ಯಂಪಳ್ಳಿಯವರೆಗೆ ಗದ್ದೆಯಿಂದ ಗದ್ದೆಗೆ ಹೋಗುತ್ತಿದ್ದಳು. ಜೊತೆಗೆ ನಾನು. ಆಗ ನನಗೆ ಮೂವತ್ತನಾಲ್ಕು. ಎಳೆಯ ಹುಡುಗನಾಗಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ಭಾರ ಎಳೆಯುವ ಗಾಡಿಯ ಸಂಗತಿ ಬೇರೆಯೇ ಎಂದು ಅವಳಿಂದ ತಿಳಿದೆ. ಯಂತ್ರವನ್ನು ಟ್ರೈಲರಿನ ಹಿಂಬದಿಗೆ ಕೂರಿಸಿದರೆ ಓಡುವಾಗ ಟ್ರೈಲರ್ ಬಾಲ ಬೀಸುತ್ತದೆ. ಮುಂಬದಿಗೇ ತಳ್ಳಿದರೆ ಗಾಡಿಯ ಬೆನ್ನು ಕುಸಿಯುತ್ತದೆ. ಅಚ್ಚಿನಿಂದ ಒಂದು ಗೇಣು ಮುಂದೆ, ಅಷ್ಟೇ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಕೂರಬಾರದು, ಗೇರ್ ಇಳಿಸಿ ಎಂಜಿನ್ನಿನಿಂದಲೇ ಹಿಡಿಯಬೇಕು. ಹಿಂದೆ ಹೋಗುವಾಗ ಟ್ರೈಲರ್ ಬಲಕ್ಕೆ ಬರಬೇಕಾದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಬೇಕು. ಇದನ್ನು ಕಲಿಯುವುದರಲ್ಲಿ ನಾನು ಎರಡು ಬೇಲಿ, ಒಂದು ಬಾಳೆಗಿಡ, ಒಬ್ಬರ ಕೋಳಿಗೂಡು ಮುಗಿಸಿದ್ದೇನೆ. ಪದ್ಮಕ್ಕ ಒಂದು ಕೈಯನ್ನು ಕಿಟಕಿಯ ಹೊರಗಿಟ್ಟುಕೊಂಡು, ಗದ್ದೆಯ ಬದುವಿನಷ್ಟೇ ಅಗಲದ ದಾರಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದಳು. ಕೆಲಸ ಬಿಟ್ಟು ನೋಡಲು ನಿಂತವರನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಾಗೆಂದು ನಾನು ಅಂದುಕೊಂಡಿದ್ದೆ.

ಗಾಡಿಯ ಆರೈಕೆಯೂ ಹಾಗೆಯೇ. ಕಂಪನಿಯ ಪುಸ್ತಕದಲ್ಲಿ ಎಷ್ಟು ದೂರಕ್ಕೆ ಆಯಿಲ್ ಬದಲಿಸಿ ಎಂದಿದೆಯೋ ಅದರ ಅರ್ಧಕ್ಕೇ ಬದಲಿಸುತ್ತಿದ್ದಳು. "ಪುಸ್ತಕ ಬರ್ದೋರು ಸುಮ್ನೆ ಓಡೋ ಗಾಡಿಗೆ ಬರ್ದಿದಾರೆ. ಎಳೆಯೋ ಗಾಡಿ ಕಷ್ಟ ಅವರಿಗೆ ತಿಳೀತದಾ?" ಎನ್ನುವಳು. ಗಾಡಿ ನಿಂತಲ್ಲೆಲ್ಲ ಇಳಿದು ಒಂದು ಸುತ್ತು ಬರಬೇಕು. ಕೊಕ್ಕೆ, ಸರಪಳಿ, ಟೈರು. ಕೊನೆಗೆ ಒಂದೊಂದು ಚಕ್ರದ ನಡುಗುಂಬವನ್ನು, ಅಂದರೆ ಹಬ್ ಅನ್ನು, ಮಗುವಿನ ಜ್ವರ ನೋಡುವ ಹಾಗೆ ಕೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು. ಇದರ ಮೇಲೆ ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವ ಅವಳ ನೇಮ ಬೇರೆ. ಎಲ್ಲಿದ್ದರೂ ಐದು ಗಂಟೆಗೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದಳು. ನನಗೆ ಇದನ್ನೆಲ್ಲ ತಾಳಿಕೊಳ್ಳಲು ಆಗುತ್ತಿರಲಿಲ್ಲ. ಗದ್ದೆಯಲ್ಲಿದ್ದರೆ ರಸ್ತೆಗೆ ಬರಬೇಕು ಎನಿಸುವುದು, ರಸ್ತೆಯಲ್ಲಿದ್ದರೆ ಮನೆಗೆ, ಮನೆಯಲ್ಲಿದ್ದರೆ ಎಲ್ಲಿಗಾದರೂ.

ಆ ವರ್ಷ ಕೊಳವಳ್ಳಿಯ ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ತೋಡಿನ ನೀರು ತುಂಬಿತ್ತು. ಟ್ರೈಲರಿನ ಎರಡೂ ಚಕ್ರ ನಡುಮಟ್ಟ ಮುಳುಗಿ ಎದ್ದವು. ಮರುದಿನ ಪಯ್ಯಂಪಳ್ಳಿಗೆ ಹೊರಡಬೇಕಿತ್ತು. ಬೆಳಿಗ್ಗೆ ಪದ್ಮಕ್ಕ, "ತಮ್ಮಾ, ನಾ ಬಸದಿಗೆ ಹೋಗಿ ಬರ್ತೇನೆ. ಅಷ್ಟರಲ್ಲಿ ಎರಡೂ ಹಬ್ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬ್ಸು. ಅವಸರ ಬೇಡ, ನಿಧಾನ ಮಾಡು" ಎಂದು ಹೇಳಿ ಹೋದಳು.

ಎಡಗಡೆಯದನ್ನು ಸರಿಯಾಗಿಯೇ ಮಾಡಿದೆ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಗೈಯಲ್ಲಿ ಗ್ರೀಸಿಟ್ಟು ಒತ್ತಿ ಒತ್ತಿ ತುಂಬಿದೆ. ಬಲಗಡೆಯ ಮುಚ್ಚಳ ಕಚ್ಚಿಕೊಂಡಿತ್ತು. ಎರಡು ಏಟು ಹಾಕಿದೆ, ಬರಲಿಲ್ಲ. ನನಗೆ ಬೇರೆಲ್ಲೂ ಹೋಗುವುದಿರಲಿಲ್ಲ, ಯಾರೂ ಕಾಯುತ್ತಿರಲಿಲ್ಲ. ಆದರೂ ಮೈಯಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ಹಳೆ ಬಟ್ಟೆಯಿಂದ ಮುಚ್ಚಳವನ್ನು ಫಳಫಳ ಒರೆಸಿ, ಅಂಚಿಗೆ ಒಂದಿಷ್ಟು ಹೊಸ ಗ್ರೀಸ್ ಸವರಿದೆ. ನೋಡಿದವರಿಗೆ ಬಿಚ್ಚಿ ಹಾಕಿದಂತೆಯೇ ಕಾಣಬೇಕು, ಹಾಗೆ. ಮುಚ್ಚಳ ತೆಗೆಯುವುದಕ್ಕಿಂತ ಹೆಚ್ಚು ಹೊತ್ತು ಅದಕ್ಕೇ ಹಿಡಿಯಿತೋ ಏನೋ.

ಪದ್ಮಕ್ಕ ಬಂದು ನೋಡಿ, "ಆಯ್ತಾ?" ಎಂದಳು.

"ಆಯ್ತಕ್ಕ."

ಪನಮರ ಪೇಟೆಯ ಹತ್ತಿರ ಗಾಡಿ ನಿಂತಾಗ ಅವಳು ಫೋನಿನಲ್ಲಿದ್ದಳು. "ನೀನೇ ನೋಡು" ಎಂದು ಕೈಸನ್ನೆ ಮಾಡಿದಳು. ಎಡಗಡೆಯದು ತಣ್ಣಗಿತ್ತು. ಬಲಗಡೆಯದು ಬಿಸಿ ಇತ್ತು. ಬಿಸಿಲಿಗೆ ಕಾದಿರಬೇಕು ಎಂದುಕೊಂಡೆ. ಎರಡಕ್ಕೂ ಒಂದೇ ಬಿಸಿಲು ಎನ್ನುವುದು ಹೊಳೆಯದಷ್ಟು ದಡ್ಡ ನಾನಲ್ಲ. ಅವಳು ಕಿಟಕಿಯಿಂದ ತಲೆ ಹಾಕಿ ಕೇಳಿದಾಗ, "ತಣ್ಣಗದೆ" ಎಂದು ಹತ್ತಿ ಕೂತೆ.

ಪಯ್ಯಂಪಳ್ಳಿಯ ಇಳಿಜಾರಿನಲ್ಲಿ ಆ ವಾಸನೆ ಬಂತು. ಪದ್ಮಕ್ಕ ಮೂಗು ಎತ್ತಿದ್ದನ್ನು ಕಂಡೆ. ಅಷ್ಟರಲ್ಲಿ ಹಿಂದಿನಿಂದ ಕಬ್ಬಿಣ ಮುರಿದ ಸದ್ದು, ಗಾಡಿಗೆ ಒಂದು ಜಗ್ಗು. ಟ್ರೈಲರ್ ಒಂದು ಬದಿಗೆ ಕುಸಿದು ಡಾಮರು ಕೆರೆಯತೊಡಗಿತು. ಪದ್ಮಕ್ಕ ಬ್ರೇಕ್ ತುಳಿಯಲಿಲ್ಲ. ಗೇರ್ ಇಳಿಸಿ, ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಹಲ್ಲು ಕಚ್ಚಿ ಕೂತಳು. ಹಾಗೆ ಹಿಡಿಯದಿದ್ದರೆ ಯಂತ್ರ ನಮ್ಮಿಬ್ಬರ ಮೇಲೆಯೇ ಮಗುಚುತ್ತಿತ್ತು. ಅವಳ ಕಿಟಕಿಯ ಪಕ್ಕದಲ್ಲಿ ನಮ್ಮದೇ ಚಕ್ರ ನಮ್ಮನ್ನು ಹಿಂದೆ ಹಾಕಿ ಓಡಿತು. ರಸ್ತೆ ದಾಟಿ, ತಿರುವಿನಲ್ಲಿ ಹಸುವಿಗೆ ಹುಲ್ಲು ಕಟ್ಟಿಕೊಳ್ಳುತ್ತಿದ್ದ ಒಬ್ಬರಿಗೆ ಬಡಿಯಿತು. ಅವರು ವರ್ಕಿಚೇಟ್ಟ, ಅಲ್ಲೇ ಇಗರ್ಜಿಯ ಕೆಳಗಿನ ಮನೆಯವರು. ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು.

ಟ್ರೈಲರನ್ನು ಅಲ್ಲೇ ಕಳಚಿಟ್ಟು, ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಪದ್ಮಕ್ಕನೇ ಮಾನಂತವಾಡಿಯ ಆಸ್ಪತ್ರೆಗೆ ಓಡಿಸಿದಳು. ಹಿಂದೆಯೇ ಊರವರೂ ಬಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬರು ಕೇಳಿದರು, ಗಾಡಿ ಹೊರಡುವ ಮುಂಚೆ ಚಕ್ರ ನೋಡಿದ್ದು ಯಾರು ಎಂದು. ಪದ್ಮಕ್ಕ ಹೇಳಿದಳು: "ನನ್ನ ಗಾಡಿ. ನಾನೇ ನೋಡ್ಬೇಕಾದ್ದು. ನನ್ನ ತಪ್ಪು."

ಆ ಮಾತು ಸಿಕ್ಕಿದ್ದೇ ಸಾಕಾಯಿತು. "ಪೆಣ್ಣುಂಗಳ್ ವಂಡಿ ಓಡಿಚ್ಚಾಲ್ ಇಂಗನೆ ಇರಿಕ್ಕುಂ" ಎಂದು ಒಬ್ಬರು, ಹೆಂಗಸರ ಕೈಗೆ ಗಾಡಿ ಕೊಟ್ಟರೆ ಹೀಗೇ ಎಂದು ಅವಳಿಗೆ ಕೇಳುವ ಹಾಗೆಯೇ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮೂರು ತಿಂಗಳು ವರ್ಕಿಚೇಟ್ಟನನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ಪದ್ಮಕ್ಕ ನನಗೆ ಹಚ್ಚಿದಳು. ಅವರು ನನ್ನ ಹೆಗಲು ಹಿಡಿದು ನಡೆಯುತ್ತಾ, "ನೀನು ಒಳ್ಳೆಯವನು ಮೋನೇ. ಆ ನಿನ್ನ ಚೇಚಿ ಸ್ವಲ್ಪ ನೋಡಿಕೊಂಡಿದ್ದರೆ..." ಎಂದು ಅಕ್ಕನನ್ನು ದೂರುತ್ತಿದ್ದರು. ಅದನ್ನು ತಡೆಯಲಾರದೆ ಒಂದು ದಿನ ಪದ್ಮಕ್ಕನ ಮುಂದೆ ಎಲ್ಲ ಹೇಳಿಬಿಟ್ಟೆ.

ಅವಳು ಗಾಡಿಯ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದಳು. ಅಲ್ಲಿಂದಲೇ, "ಗೊತ್ತು. ಅವತ್ತೇ ಹಬ್ ಒಳಗೆ ನೋಡಿದೆ. ಗ್ರೀಸು ನೀರು ಕೂಡಿ ಮಜ್ಜಿಗೆ ಹಾಗೆ ಆಗಿತ್ತಲ್ಲ" ಎಂದಳು.

"ಮತ್ತೆ ಯಾಕಕ್ಕ ನನ್ನ ಕೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ."

"ಪಯ್ಯಂಪಳ್ಳಿಗೆ ಹೋಗಿ ಹೇಳ್ಲಾ?"

ಸ್ಪ್ಯಾನರಿನ ಸದ್ದು ನಿಂತಿತು. "ಬೇಡ ಬಿಡು. ಜನ ಏನು ಪರಞ್ಞರೆ, ಏನು ಅಂದರೆ ನನಗೇನು" ಎಂದಳು. ನನಗೆ ಬೇಕಾದ ಉತ್ತರ ಅದೇ ಆಗಿದ್ದರಿಂದ ಕೂಡಲೇ ನಂಬಿದೆ.

ಮುಂದಿನ ಸುಗ್ಗಿಗೆ ಪಯ್ಯಂಪಳ್ಳಿಯಿಂದ ಒಬ್ಬರೂ ಕರೆಯಲಿಲ್ಲ. ಅದರ ಮುಂದಿನ ವರ್ಷ ಕೊಳವಳ್ಳಿಯವರೂ ಬೇರೆ ಯಂತ್ರ ಹಿಡಿದರು. ಮೂರನೆಯ ವರ್ಷ ಪದ್ಮಕ್ಕ ಯಂತ್ರವನ್ನೂ ಟ್ರೈಲರನ್ನೂ ಮಾರಿದಳು, ಗಾಡಿಯನ್ನು ಇಟ್ಟುಕೊಂಡಳು. "ವಯಸ್ಸಾಯ್ತು, ಬೆನ್ನು ನೋವು" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಆಗ ಅವಳಿಗೆ ಐವತ್ತೂ ಆಗಿರಲಿಲ್ಲ.

ಇಷ್ಟು ತಿಳಿದಿದ್ದೂ ನಾನು ಹತ್ತು ದಿನದ ಹಿಂದೆ ಕಲ್ಲೂರಿನಲ್ಲಿ ನಕ್ಕಿದ್ದು.

ನಿನ್ನೆ ಭಾನುವಾರ. ಬೆಳಿಗ್ಗೆ ಎದ್ದವನೇ ಪಯ್ಯಂಪಳ್ಳಿಗೆ ಹೋದೆ. ವರ್ಕಿಚೇಟ್ಟನಿಗೆ ಈಗ ಎಪ್ಪತ್ತು ದಾಟಿದೆ. ಕೋಲು ಹಿಡಿದು ನಡೆಯುತ್ತಾರೆ. ಜಗಲಿಯಲ್ಲಿ ಕೂರಿಸಿ ಕಾಪಿ ತರಿಸಿದರು. ಕಾಪಿ ಮುಟ್ಟದೆ ಹೇಳತೊಡಗಿದೆ. ಮುಚ್ಚಳ ಒರೆಸಿದ್ದು, ಗ್ರೀಸ್ ಸವರಿದ್ದು, ಪನಮರದಲ್ಲಿ ಕೈಗೆ ಬಿಸಿ ತಾಗಿದ್ದು. ಮುಗಿದ ಮೇಲೆ ಅವರು ಕೇಳಿದ್ದು ಒಂದೇ:

"ಪದ್ಮಚೇಚಿಗೆ ಗೊತ್ತಾ?"

"ಮೊದಲಿಂದ ಗೊತ್ತು."

ಅವರು ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. "ಈ ಕಾಲು ತೋರಿಸಿ ತೋರಿಸಿ ಎಲ್ಲರ ಹತ್ತಿರ ಅವರ ಹೆಸರು ಹೇಳಿದ್ದೇನಲ್ಲಡಾ. ಹನ್ನೊಂದು ಕೊಲ್ಲಂ, ಹನ್ನೊಂದು ವರ್ಷ." ನನಗೆ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಕೋಲು ಊರಿ ಎದ್ದು, "ವಾ" ಎಂದು ನನ್ನನ್ನು ಕರೆದು ಮುಂದೆ ನಡೆದರು.

ಇಗರ್ಜಿಯ ಪೂಜೆ ಬಿಟ್ಟಿತ್ತು. ಗೇಟಿನ ಎದುರಿನ ಚಹಾದಂಗಡಿಯಲ್ಲಿ ಹತ್ತು ಹನ್ನೆರಡು ಜನ. ವರ್ಕಿಚೇಟ್ಟ ಬೆಂಚಿಗೆ ಕೋಲು ಬಡಿದು ಎಲ್ಲರನ್ನೂ ಸುಮ್ಮನಾಗಿಸಿ, "ನಾನು ಹೇಳಿದ್ದು ಇಲ್ಲಿ. ನೀನೂ ಇಲ್ಲೇ ಹೇಳು" ಎಂದರು. ಹೇಳಿದೆ. ಶಾಲೆಯಲ್ಲಿ ಕಲಿತ ಮಲಯಾಳ ಅಷ್ಟು ತೊದಲಿದ್ದು ಅದೇ ಮೊದಲು. ಒಬ್ಬರು "ಅಯ್ಯೋ ಆ ಚೇಚಿ" ಎಂದರು. ಇನ್ನೊಬ್ಬರು ನನ್ನ ಮುಖ ನೋಡದೆ ದುಡ್ಡು ಕೊಟ್ಟು ಎದ್ದು ಹೋದರು. ಅವತ್ತು ಆಸ್ಪತ್ರೆಯ ಮೆಟ್ಟಿಲಲ್ಲಿ ಹೆಂಗಸರ ಮಾತೆತ್ತಿದವರೂ ಅಲ್ಲಿದ್ದರು. ಅವರು ಬಹಳ ಹೊತ್ತು ಸಕ್ಕರೆ ಕದಡಿದರು. ಮೂಲೆಯಲ್ಲಿದ್ದ ಮುದುಕರೊಬ್ಬರು, "ಆ ಇಳಿಜಾರಿನಲ್ಲಿ ಟ್ರೈಲರಿನ ಒಂದು ಚಕ್ರ ಕಳಚಿದರೂ ನೆಟ್ಟಗೆ ಗಾಡಿ ನಿಲ್ಲಿಸಿದರಲ್ಲ, ನನ್ನ ಕಣ್ಣಾರೆ ನೋಡಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ಎಲ್ಲ ಕಣಿವೆಗೆ" ಎಂದರು. ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ಅವರನ್ನು ಕೇಳುವ ಯೋಗ್ಯತೆ ನನಗಿರಲಿಲ್ಲ.

ರಸ್ತೆಬದಿಯಲ್ಲೇ ನಿಂತು ಪದ್ಮಕ್ಕನಿಗೆ ಫೋನ್ ಮಾಡಿ ಹೇಳಿದೆ. "ಈಗ ಯಾರಿಗೆ ಬೇಕಾಗಿತ್ತು ಅದು? ಯಂತ್ರ ಇಲ್ಲ, ಟ್ರೈಲರ್ ಇಲ್ಲ. ಬಿಸಿಲಲ್ಲಿ ತಿರುಗಬೇಡ, ಮನೆಗೆ ಬಾ" ಎಂದು ಇಟ್ಟುಬಿಟ್ಟಳು.

ಪನಮರವನ್ನೂ ತಲುಪಿರಲಿಲ್ಲ, ಅವಳೇ ಫೋನ್ ಮಾಡಿದಳು.

"ಅಲ್ಲಿ ಯಾರ್ಯಾರಿದ್ರು?"

ಗಾಡಿ ಬದಿಗೆ ಹಾಕಿ, ನೆನಪಿದ್ದ ಹೆಸರನ್ನೆಲ್ಲ ಹೇಳಿದೆ. ಹೆಸರು ಗೊತ್ತಿಲ್ಲದವರ ಗುರುತು ಹೇಳಿದೆ.

"ಆ ಮೆಟ್ಟಿಲ ಹತ್ರ ಮಾತಾಡಿದ್ನಲ್ಲ, ಅವ ಇದ್ನಾ?"

"ಇದ್ದ."

"ಏನಂದ?"

"ಏನೂ ಅನ್ನಲಿಲ್ಲ. ಸಕ್ಕರೆ ಕದಡ್ತಾ ಇದ್ದ."

ಮುದುಕರು ಹೇಳಿದ್ದನ್ನೂ ಹೇಳಿದೆ. ಪದ್ಮಕ್ಕ ಮೂಗು ಸೇದಿಕೊಂಡಿದ್ದು ಕೇಳಿಸಿತು. ಆಮೇಲೆ ಅವಳ ಎಂದಿನ ಗಟ್ಟಿ ದನಿ ಎಲ್ಲೋ ಹೋಗಿ, ಬಹಳ ಸಣ್ಣದಾಗಿ ಅಂದಳು:

"ಆ ಮುದುಕರು ಅಂದದ್ದನ್ನ ಇನ್ನೊಂದು ಸಲ ಹೇಳು."